ಹೋಬಿ 16: ಯಾವ ತಂತಿ ಬಿಗಿ ಇರಬೇಕು, ಯಾವುದು ಸಡಿಲ

ದಡದಲ್ಲಿ ನಿಂತು ನೋಡುವವರು ನನ್ನ ಹೋಬಿ 16 ಹಾಯಿದೋಣಿಯ ಬಗ್ಗೆ ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಇರುತ್ತದೆ. ಆ ಕಡೆಯ ತಂತಿ ಲೂಸಾಗಿ ಜೋತಾಡ್ತಿದೆಯಲ್ಲ, ಕಂಬ ಬೀಳಲ್ವಾ ಅಂತ. ಬೀಳಲ್ಲ. ಪಟಕ್ಕೆ, ಅಂದರೆ ಹಾಯಿಗೆ, ಗಾಳಿ ತುಂಬಿದಾಗ ಗಾಳಿ ಬರುವ ಬದಿಯ ತಂತಿ ಕಂಬವನ್ನು ಎಳೆದು ಹಿಡಿದಿರುತ್ತದೆ. ಇನ್ನೊಂದು ಬದಿಯದಕ್ಕೆ ಆಗ ಕೆಲಸವೇ ಇಲ್ಲ, ಅದು ಸಡಿಲ ಆಗಲೇಬೇಕು. ದೋಣಿ ತಿರುಗಿ ಗಾಳಿ ಆ ಕಡೆಯಿಂದ ಬರತೊಡಗಿದರೆ ಎರಡರ ಕೆಲಸ ಅದಲುಬದಲಾಗುತ್ತದೆ.

ಈ ಜೋತಾಟ ನೋಡಿ ಹೆದರಿ ಎರಡೂ ಕಡೆ ಸಿಕ್ಕಾಪಟ್ಟೆ ಬಿಗಿ ಮಾಡಿಬಿಡುವವರು ಬಹಳ ಜನ. ಇಲ್ಲೇ ಪರ್ತ್‌ನಲ್ಲಿರುವ ಕನ್ನಡದ ಗೆಳೆಯರೊಬ್ಬರು ಹಳೆಯ ಹೋಬಿ 16 ಒಂದನ್ನು ಕೊಂಡಿದ್ದಾರೆ, ಯಾವ ನಟ್ಟು ಎಷ್ಟು ತಿರುಗಿಸಬೇಕು ಹೇಳಿ ಸಾರ್ ಅಂತ ವಾಟ್ಸಾಪ್‌ನಲ್ಲಿ ಕೇಳಿದರು. ವಾಯ್ಸ್ ಮೆಸೇಜ್‌ನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ ಅದು. ಅದೂ ಅಲ್ಲದೆ ಈ ದೋಣಿಯ ಬಿಗಿ ಯಾವ ನಟ್ಟಿನಲ್ಲೂ ಇಲ್ಲ. ಹಾಗಾಗಿ ಇಲ್ಲೇ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಮೊದಲು ದೋಣಿ ಎಂಥದು ಅಂತ ಹೇಳಿಬಿಡುತ್ತೇನೆ. ಹೋಬಿ 16 ಅಂದರೆ ಎರಡು ಸಪೂರ ಒಡಲಿನ ಹಾಯಿದೋಣಿ, ಕ್ಯಾಟಮರಾನ್. ಉದ್ದ ಸುಮಾರು 5 ಮೀಟರ್, ಅಗಲ 2.4 ಮೀಟರ್, ತೂಕ 145 ಕೆ.ಜಿ. ಆಸುಪಾಸು. ಎರಡು ಒಡಲುಗಳ ನಡುವೆ ಅಲ್ಯೂಮಿನಿಯಂ ಚೌಕಟ್ಟು, ಚೌಕಟ್ಟಿಗೆ ಬಿಗಿದ ಬಟ್ಟೆಯೇ ನಾವು ಕೂರುವ ಜಾಗ. ಅದಕ್ಕೆ ಟ್ರ್ಯಾಂಪೊಲೀನ್ ಅನ್ನುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಸರ್ಫ್‌ಬೋರ್ಡ್ ಮಾಡುತ್ತಿದ್ದ ಹೋಬಿ ಆಲ್ಟರ್ ಎಂಬಾತ 1970ರ ಹೊತ್ತಿಗೆ ಇದನ್ನು ಮಾರುಕಟ್ಟೆಗೆ ತಂದ. ಮರಳಿನ ಮೇಲಿಂದ ತಳ್ಳಿ ಸೀದಾ ಅಲೆಗೆ ಇಳಿಸಬೇಕು ಅನ್ನುವುದೇ ಅವನ ಉದ್ದೇಶವಾಗಿತ್ತು. ಅದಕ್ಕೇ ಇದರ ತಳದಲ್ಲಿ ನೀರಿಗೆ ಇಳಿಬಿಡುವ ಹಲಗೆ ಇಲ್ಲ. ಬೇರೆ ಹಾಯಿದೋಣಿಗಳಲ್ಲಿ ಆ ಹಲಗೆ ಮಾಡುವ ಕೆಲಸವನ್ನು ಇಲ್ಲಿ ಒಡಲಿನ ಓರೆ ಆಕಾರವೇ ಮಾಡುತ್ತದೆ. ಇಲ್ಲಿಯವರೆಗೆ ಲಕ್ಷಕ್ಕೂ ಹೆಚ್ಚು ಮಾರಾಟವಾಗಿವೆ, ಆದ್ದರಿಂದ ಹಳೆಯದು ಕಡಿಮೆ ಬೆಲೆಗೆ ಸಿಗುತ್ತದೆ. ಹಳೆಯದರ ಜೊತೆಗೆ ಹಳೆಯ ತಂತಿ, ಹಳೆಯ ಪಿನ್ನು, ಹಿಂದಿನ ಮಾಲೀಕರು ಹಾರ್ಡ್‌ವೇರ್ ಅಂಗಡಿಯಿಂದ ತಂದು ಸಿಕ್ಕಿಸಿದ ಸಾಮಾನು, ಎಲ್ಲ ಬಿಟ್ಟಿ.

ಕಂಬ ಸುಮಾರು 8 ಮೀಟರ್ ಎತ್ತರ. ಅದು ಮುಂದಿನ ಅಡ್ಡ ತೊಲೆಯ ಮೇಲೆ ಸುಮ್ನೆ ಕೂತಿರುತ್ತದೆ, ಬೋಲ್ಟ್ ಹಾಕಿ ನಿಲ್ಲಿಸಿದ್ದಲ್ಲ. ತಳದಲ್ಲಿ ಬಟ್ಟಲಿನಂಥ ಒಂದು ಕುಳಿ, ಅದರೊಳಗೆ ಕಂಬ ಎಡಕ್ಕೂ ಬಲಕ್ಕೂ ತಿರುಗುತ್ತದೆ. ತಿರುಗಲೇಬೇಕು, ಯಾಕಂದರೆ ಕಂಬದ ಅಡ್ಡಕೊಯ್ತ ದುಂಡಗಿಲ್ಲ, ಹನಿಯ ಆಕಾರದಲ್ಲಿದೆ. ಅದರ ಮೂತಿ ಗಾಳಿಯ ಕಡೆ ತಿರುಗಿದರೆ ಮಾತ್ರ ಗಾಳಿ ಕಂಬದಿಂದ ಪಟದ ಮೇಲೆ ನಯವಾಗಿ ಜಾರಿ ಹೋಗುತ್ತದೆ. ಕಂಬ ಬೀಳದ ಹಾಗೆ ಹಿಡಿದಿರುವುದು ಮೂರು ತಂತಿ: ಎಡಕ್ಕೊಂದು, ಬಲಕ್ಕೊಂದು, ಮುಂದಕ್ಕೊಂದು. ಪಕ್ಕದ ಎರಡಕ್ಕೆ ಶ್ರೌಡ್ ಅನ್ನುತ್ತಾರೆ, ಮುಂದಿನದಕ್ಕೆ ಫೋರ್‌ಸ್ಟೇ. ಮುಂದಿನದು ಕೆಳಗೆ ಬಂದು ಕವಲೊಡೆದು ಎರಡು ಒಡಲುಗಳ ಮೂತಿಗೆ ಹೋಗುತ್ತದೆ, ಆ ಕವಲು ತಂತಿಗೆ ಬ್ರೈಡಲ್ ಅಂತ ಹೆಸರು.

ಈಗ ಮುಖ್ಯ ವಿಷಯ. ಕಂಬವನ್ನು ಮುಂದಕ್ಕೆ ಎಳೆಯಬಲ್ಲ ತಂತಿ ಇನ್ನೊಂದಿದೆ. ಮುಂದಿನ ಚಿಕ್ಕ ಪಟ ಇದೆಯಲ್ಲ, ಜಿಬ್, ಅದರ ಅಂಚಿನೊಳಗೆ ಒಂದು ತಂತಿ ಹೊಲಿದಿರುತ್ತದೆ. ಜಿಬ್ ಏರಿಸುವ ಹಗ್ಗಕ್ಕೆ ಜಿಬ್ ಹ್ಯಾಲ್ಯಾರ್ಡ್ ಎಂದು ಹೆಸರು. ಆ ಹಗ್ಗವನ್ನು ಜಗ್ಗಿ ಕಟ್ಟಿದ ಕೂಡಲೇ ಜಿಬ್ಬಿನೊಳಗಿನ ತಂತಿ ಕಂಬವನ್ನು ಮುಂದಕ್ಕೆ ಎಳೆಯುತ್ತದೆ, ಪಕ್ಕದ ಎರಡೂ ಶ್ರೌಡ್ ಬಿಗಿಯಾಗುತ್ತವೆ, ಫೋರ್‌ಸ್ಟೇ ಮಾತ್ರ ಸಡಿಲವಾಗಿ ಜೋತು ಬೀಳುತ್ತದೆ. ಹೊಸಬರಿಗೆ ಗಾಬರಿಯಾಗುವುದೇ ಇಲ್ಲಿ. ಅಯ್ಯೋ ಮುಂದಿನ ತಂತಿ ಲೂಸು ಅಂತ ಅದನ್ನು ಗಿಡ್ಡ ಮಾಡುತ್ತಾರೆ. ಗಿಡ್ಡ ಮಾಡಿದ ಮೇಲೆ ಭಾರವೆಲ್ಲ ಫೋರ್‌ಸ್ಟೇ ಮೇಲೆ ಬೀಳುತ್ತದೆ, ಜಿಬ್ಬಿನ ಅಂಚು ಎಷ್ಟು ಎಳೆದರೂ ನೆಟ್ಟಗಾಗುವುದಿಲ್ಲ, ಗಾಳಿಗೆ ಹೊಟ್ಟೆ ಬಿಟ್ಟುಕೊಂಡು ಪಕ್ಕಕ್ಕೆ ವಾಲುತ್ತದೆ. ಜಿಬ್ಬಿನ ಅಂಚು ವಾಲಿದರೆ ದೋಣಿಗೆ ಗಾಳಿಯ ಎದುರು ಓರೆಯಾಗಿ ಏರಿ ಹೋಗುವ ಶಕ್ತಿ ಇರಲ್ಲ.

ಅಂದರೆ ಮೂರು ಕೆಲಸ, ಮೂರಕ್ಕೂ ಬೇರೆ ಬೇರೆ ತಂತಿ. ಕಂಬ ಹಿಂದಕ್ಕೆ ಎಷ್ಟು ವಾಲಬೇಕು ಅನ್ನುವುದನ್ನು ಶ್ರೌಡ್‌ಗಳ ಉದ್ದ ತೀರ್ಮಾನಿಸುತ್ತದೆ. ಎಷ್ಟು ಬಿಗಿ ಅನ್ನುವುದನ್ನು ಜಿಬ್ ಹ್ಯಾಲ್ಯಾರ್ಡ್. ಫೋರ್‌ಸ್ಟೇ ಇರುವುದು ಜಿಬ್ ಏರಿಸುವ ಮೊದಲು ಕಂಬ ನಿಲ್ಲಲಿಕ್ಕೆ, ಮತ್ತೆ ಓಡುವಾಗ ಜಿಬ್ ಹ್ಯಾಲ್ಯಾರ್ಡ್ ಕಿತ್ತು ಹೋದರೆ ಕಂಬ ನಮ್ಮ ತಲೆ ಮೇಲೆ ಬೀಳದಿರಲಿಕ್ಕೆ. ಇದಿಷ್ಟು ತಲೆಯಲ್ಲಿ ಕೂತರೆ ಸ್ಪ್ಯಾನರ್ ಹಿಡಿದು ಎಲ್ಲಿ ಕೈ ಹಾಕಬೇಕು, ಎಲ್ಲಿ ಹಾಕಬಾರದು ಅನ್ನುವುದು ತಾನಾಗೇ ಗೊತ್ತಾಗುತ್ತದೆ.

ಬಿಗಿ ಮಾಡುವ ಮಾತಿಗೆ ಮೊದಲು ಪರೀಕ್ಷೆ. ಕಂಬ ಮಲಗಿಸಿರುವಾಗಲೇ ನೋಡಬೇಕು, ನಿಂತ ಮೇಲೆ ಮೇಲಿನದು ಯಾವುದೂ ಕಣ್ಣಿಗೆ ಬೀಳಲ್ಲ.

ಕಂಬದ ಮೇಲ್ಭಾಗದಲ್ಲಿ, ತುದಿಗಿಂತ ಸಾಕಷ್ಟು ಕೆಳಗೆ, ಒಂದು ಸ್ಟೀಲ್ ಪಟ್ಟಿ ಇದೆ. ಅದರಲ್ಲಿ ಒಂದು ಶ್ಯಾಕಲ್, ಅಂದರೆ ಪಿನ್ ಹಾಕಿ ಮುಚ್ಚುವ U ಆಕಾರದ ಕೊಂಡಿ. ಎರಡು ಶ್ರೌಡ್, ಫೋರ್‌ಸ್ಟೇ, ನಾವು ಹೊರಗೆ ಜೋತಾಡಲು ಹಿಡಿಯುವ ಟ್ರೆಪೀಜ್ ತಂತಿಗಳು, ಎಲ್ಲವೂ ಆ ಒಂದೇ ಶ್ಯಾಕಲ್‌ಗೆ ಬಂದು ಸೇರುತ್ತವೆ. ಎಲ್ಲ ಒಂದೇ ಜಾಗದಿಂದ ಇಳಿಯುವುದರಿಂದಲೇ ಕಂಬ ಸಲೀಸಾಗಿ ತಿರುಗುತ್ತದೆ, ಚೆಂದದ ಉಪಾಯ. ಆದರೆ ಆ ಶ್ಯಾಕಲ್‌ನ ತಿರುಪಿನ ಪಿನ್ ಒಂದು ಬಿಚ್ಚಿಕೊಂಡರೆ ಕಥೆ ಮುಗಿಯಿತು. ಇಡೀ ದೋಣಿಯಲ್ಲಿ ನಾನು ಅತಿ ಹೆಚ್ಚು ಅನುಮಾನದಿಂದ ನೋಡುವ ಸಾಮಾನು ಅದು. ಪಿನ್ನನ್ನು ಇಕ್ಕಳದಲ್ಲಿ ಬಿಗಿ ಮಾಡಿ, ಅದರ ಕಣ್ಣಿನೊಳಗೆ ತೆಳು ಸ್ಟೇನ್‌ಲೆಸ್ ತಂತಿ ತೂರಿಸಿ, ಶ್ಯಾಕಲ್‌ನ ಕಾಲಿಗೆ ಸುತ್ತಿ ಹೊಸೆದು ಬಿಡಬೇಕು. ಕೆಲವರು ಪ್ಲಾಸ್ಟಿಕ್ ಕೇಬಲ್ ಟೈ ಹಾಕುತ್ತಾರೆ. ಇಲ್ಲಿನ ಬಿಸಿಲಿಗೆ ಅದು ಪೆಡಸಾಗಿ ಒಂದಿನ ಪಟ್ ಅಂತ ಮುರಿಯುತ್ತದೆ, 8 ಮೀಟರ್ ಕಂಬದ ಮೇಲೆ ಮುರಿದದ್ದು ನಿಮಗೆ ಗೊತ್ತೂ ಆಗಲ್ಲ. ತಂತಿಯೇ ಹಾಕಿ.

ಆಮೇಲೆ ತಂತಿಗಳು. ಇವು ಸ್ಟೇನ್‌ಲೆಸ್ ಸ್ಟೀಲ್, ಸುಮಾರು 3 ಮಿ.ಮೀ. ದಪ್ಪ, ಸಪೂರ ಎಳೆಗಳನ್ನು ಹೊಸೆದು ಮಾಡಿದವು. ನಡುವೆ ಎಲ್ಲೋ ತುಂಡಾಗುವುದು ಅಪರೂಪ. ಹಾಳಾಗುವುದು ತುದಿಯಲ್ಲಿ, ತಂತಿಯನ್ನು ಕುಣಿಕೆ ಮಾಡಿ ಲೋಹದ ಪುಟ್ಟ ಕೊಳವೆ ಒತ್ತಿದ ಜಾಗದಲ್ಲಿ. ಉಪ್ಪುನೀರು ಅಲ್ಲಿ ಒಳಗೆ ಇಳಿದು ಕೂರುತ್ತದೆ, ಮತ್ತೆ ತಂತಿ ಬಾಗಿ ಬಾಗಿ ದಣಿಯುವುದೂ ಅಲ್ಲೇ. ಒಂದು ಹತ್ತಿ ಬಟ್ಟೆ ಅಥವಾ ಟಿಶ್ಯೂ ತೆಗೆದುಕೊಂಡು ತಂತಿಯ ಉದ್ದಕ್ಕೂ ಎಳೆಯಿರಿ, ಬರಿಗೈಯಲ್ಲಿ ಬೇಡ. ಎಳೆ ಎಲ್ಲಾದರೂ ಮುರಿದಿದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಒಂದೇ ಒಂದು ಎಳೆ ಮುರಿದಿದ್ದರೂ ಆ ತಂತಿ ಬದಲಿಸುವುದು, ಅದರಲ್ಲಿ ಚೌಕಾಸಿ ಇಲ್ಲ. ಒಂದು ಕಡೆಯದು ಬದಲಿಸಿದರೆ ಇನ್ನೊಂದು ಕಡೆಯದೂ ಬದಲಿಸಿ, ಅದರ ವಯಸ್ಸೂ ಅಷ್ಟೇ ಅಲ್ವಾ. ಕುಣಿಕೆಯೊಳಗಿನ ಹನಿಯಾಕಾರದ ಲೋಹದ ಬಳೆ ಚಪ್ಪಟೆಯಾಗಿದ್ದರೆ ಅಥವಾ ಉದ್ದಕ್ಕೆ ಎಳೆದ ಹಾಗೆ ಇದ್ದರೆ ಆ ತಂತಿ ಯಾವತ್ತೋ ಮಿತಿ ಮೀರಿ ಭಾರ ಹೊತ್ತಿದೆ ಅಂತ ಲೆಕ್ಕ. ಹಳೆಯ ದೋಣಿಗಳಲ್ಲಿ ತಂತಿಯ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುತ್ತದೆ. ಕೈಗೆ ನುಣ್ಣಗೆ ಇರುತ್ತದೆ ನಿಜ, ಆದರೆ ಒಳಗಿನ ತುಕ್ಕು ಕಾಣುವುದಿಲ್ಲ. ನನಗೆ ಆ ಹೊದಿಕೆ ಕಂಡರೆ ಆಗಲ್ಲ.

ಟೇಪ್ ವಿಚಾರವೂ ಹೀಗೇ. ಸಿಕ್ಕ ಸಿಕ್ಕ ಜಾಗಕ್ಕೆಲ್ಲ ಟೇಪ್ ಸುತ್ತಿದ ದೋಣಿಗಳನ್ನು ನೋಡುತ್ತೇನೆ. ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯದೆ ಉಳಿಯಲು ಅದರ ಮೈಗೆ ಗಾಳಿ ಸೋಕಬೇಕು. ಟೇಪಿನ ಕೆಳಗೆ ಉಪ್ಪುನೀರು ನಿಂತರೆ ಗಾಳಿ ಸೋಕುವುದಿಲ್ಲ, ಅಲ್ಲೇ ಕಂದು ಬಣ್ಣ ಶುರು. ಪಿನ್ನಿನ ಸುರುಳಿ ರಿಂಗ್‌ಗೆ ಹಗ್ಗ ಸಿಕ್ಕಿ ಎಳೆದುಹೋಗದ ಹಾಗೆ ಒಂದೆರಡು ಸುತ್ತು ಟೇಪ್, ಅಷ್ಟು ಸಾಕು. ಅದನ್ನೂ ಆಗಾಗ ಕಿತ್ತು ಹೊಸದು ಹಾಕಿ.

ರಿಂಗ್ ಅಂದೆನಲ್ಲ, ಅದರ ಬಗ್ಗೆ ಸ್ವಲ್ಪ ಹೇಳಬೇಕು. ಹೋಬಿಯ ಶ್ರೌಡ್ ಕೆಳಗೆ ತಿರುಗಿಸಿ ಬಿಗಿ ಮಾಡುವ ತಿರುಪಿನ ಕೊಂಡಿ, ಟರ್ನ್‌ಬಕಲ್, ಇರುವುದಿಲ್ಲ. ಸಾಲಾಗಿ ತೂತುಗಳಿರುವ ಸ್ಟೀಲ್ ಪಟ್ಟಿ ಇರುತ್ತದೆ, ಯಾವ ತೂತಿಗೆ ಪಿನ್ ಹಾಕುತ್ತೀರಿ ಅನ್ನುವುದರ ಮೇಲೆ ಉದ್ದ. ಪಿನ್ ಜಾರದ ಹಾಗೆ ಅದರ ತುದಿಯ ತೂತಿಗೆ ಕೀ ಗೊಂಚಲಿನ ಬಳೆಯ ತರಹದ ಪುಟ್ಟ ರಿಂಗ್. ಇಡೀ ಕಂಬ ಕೊನೆಗೆ ನಿಂತಿರುವುದು ಈ ಚಿಲ್ಲರೆ ರಿಂಗ್ ಮೇಲೆ. ಒಮ್ಮೆ ಹಿಗ್ಗಿದ ರಿಂಗ್ ಮತ್ತೆ ಮೊದಲಿನ ಹಾಗೆ ಮುಚ್ಚಿಕೊಳ್ಳುವುದಿಲ್ಲ, ಎಸೆಯಿರಿ. ಹಾಕುವಾಗ ರಿಂಗ್ ಇರುವ ತುದಿ ಹಗ್ಗವೋ ಕಾಲೋ ಉಜ್ಜದ ಕಡೆಗೆ ಬರಲಿ. ಬಗ್ಗಿಸಿದ ಮೊಳೆ, ಸೇಫ್ಟಿ ಪಿನ್, ಪೇಪರ್ ಕ್ಲಿಪ್ ಎಲ್ಲ ನೋಡಿದ್ದೇನೆ ನಾನು ಹಳೇ ದೋಣಿಗಳಲ್ಲಿ, ದಯವಿಟ್ಟು ಬೇಡ.

ಕಂಬ ಎತ್ತಲು ಇಬ್ಬರು ಬೇಕು. ನನ್ನ ಜೊತೆ ಕ್ರೂ ಆಗಿ ಬರುವವನು ಕುಂದಾಪುರದವನು, ಮನೆಯಲ್ಲಿ ಮೀನಿನ ದೋಣಿ ಇದ್ದವನು. ಅವನು ಎತ್ತುವ ಮೊದಲು ಪ್ರತಿ ಸಲ ತಲೆಯೆತ್ತಿ ಆಕಾಶ ನೋಡುತ್ತಾನೆ. ಕರೆಂಟ್ ತಂತಿ ಇದೆಯಾ ಅಂತ. ಅಲ್ಯೂಮಿನಿಯಂ ಕಂಬ, ಸುತ್ತ ಸ್ಟೀಲ್ ತಂತಿ, ಒದ್ದೆ ಕಾಲು. ಮೇಲಿನ ಲೈನಿಗೆ ತಾಗಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಅಮೆರಿಕದಲ್ಲಿ ಹೀಗೆ ಸಾವುಗಳಾದ ಮೇಲೆ 1980ರ ದಶಕದಲ್ಲಿ ಹೋಬಿ ಕಂಬದ ಮೇಲಿನ ಭಾಗವನ್ನು ಅಲ್ಲಿ ಕರೆಂಟ್ ಹರಿಯದ ಫೈಬರ್‌ನಲ್ಲಿ ಮಾಡತೊಡಗಿದರು. ಪೂರ್ತಿ ಅಲ್ಯೂಮಿನಿಯಂ ಕಂಬಗಳೂ ಬೇಕಾದಷ್ಟಿವೆ. ಪಾರ್ಕಿಂಗ್ ಜಾಗದಿಂದ ಮರಳಿನವರೆಗೆ ಕಂಬ ನಿಲ್ಲಿಸಿಕೊಂಡು ದೋಣಿ ತಳ್ಳುವವರು ದಾರಿಯುದ್ದಕ್ಕೂ ಮೇಲೆ ನೋಡಬೇಕು.

ಎತ್ತುವ ಮೊದಲು ಇನ್ನೂ ಒಂದು: ಕಂಬದ ಬುಡ ಜಾರದಂತೆ ಹಿಡಿಯುವ ಪಿನ್ ಇರುತ್ತದೆ, ಅದು ಹಾಕಿದೆಯಾ ನೋಡಿ. ಬುಡದ ಕುಳಿಯಲ್ಲಿ ಬಿಳಿ ಪ್ಲಾಸ್ಟಿಕ್ ಬಿಲ್ಲೆ ಇರಬೇಕು, ಅದು ಸವೆದು ಮಾಯವಾಗಿದ್ದರೆ ಲೋಹಕ್ಕೆ ಲೋಹ ಉಜ್ಜಿ ಕಂಬ ತಿರುಗಲಿಕ್ಕೆ ಮುನಿಸಿಕೊಳ್ಳುತ್ತದೆ. ಅದು ತೀರಾ ಅಗ್ಗದ ಸಾಮಾನು, ಬದಲಿಸಿಬಿಡಿ.

ಕಂಬ ನಿಂತಿತು, ಫೋರ್‌ಸ್ಟೇ ಕಟ್ಟಿತು. ಈಗ ನೆಟ್ಟಗಿದೆಯಾ ನೋಡಬೇಕು, ಎಡಬಲಕ್ಕೆ. ಕಣ್ಣಳತೆ ನಂಬಬೇಡಿ, ಮರಳು ಸಮ ಇರಲ್ಲ. ದೊಡ್ಡ ಪಟ ಏರಿಸುವ ಹಗ್ಗದ ತುದಿಯನ್ನು ಒಂದು ಬದಿಯ ಶ್ರೌಡ್ ಪಟ್ಟಿಯ ಹತ್ತಿರ ತಂದು ಗುರುತು ಹಾಕಿಕೊಂಡು, ಅದನ್ನೇ ಇನ್ನೊಂದು ಬದಿಗೆ ಒಯ್ದು ನೋಡಿ. ಗುರುತು ಅದೇ ಜಾಗಕ್ಕೆ ಬಂದರೆ ಸರಿ. ಬರದಿದ್ದರೆ ಎರಡೂ ಕಡೆ ಪಿನ್ ಒಂದೇ ತೂತಿನಲ್ಲಿದೆಯಾ ನೋಡಿ. ಪಿನ್ ಸರಿ ಇದ್ದೂ ವ್ಯತ್ಯಾಸ ಬಂದರೆ ಒಂದು ಶ್ರೌಡ್ ಉದ್ದವಾಗಿದೆ ಅಂತ ಅರ್ಥ, ಹಳೆಯದು ಒಂದು ಹೊಸದು ಒಂದು ಹಾಕಿದ ದೋಣಿಗಳಲ್ಲಿ ಹೀಗಾಗುತ್ತದೆ.

ಹಿಂದಕ್ಕೆ ವಾಲಿಸುವುದನ್ನು ರೇಕ್ ಅನ್ನುತ್ತಾರೆ. ಶ್ರೌಡ್‌ಗಳು ಒಡಲಿಗೆ ಸೇರುವುದು ಕಂಬದ ಬುಡಕ್ಕಿಂತ ಹಿಂದೆ, ಹಾಗಾಗಿ ಶ್ರೌಡ್ ಗಿಡ್ಡ ಮಾಡಿದರೆ ಕಂಬ ಹಿಂದಕ್ಕೆ ಬರುತ್ತದೆ, ಫೋರ್‌ಸ್ಟೇ ಅದಕ್ಕೆ ತಕ್ಕಂತೆ ಉದ್ದ ಬಿಡಬೇಕು. ಎಷ್ಟು ವಾಲಿದೆ ಅಂತ ಅಳೆಯಲು ಟೇಪು ಬೇಕಿಲ್ಲ. ಟ್ರೆಪೀಜ್ ತಂತಿಯನ್ನು ಮುಂದೆ ಎಳೆದು ಒಡಲಿನ ಮೂತಿಯಲ್ಲಿ ಬ್ರೈಡಲ್ ಸೇರುವ ಪಿನ್ನಿಗೆ ಸರಿಯಾಗಿ ಹಿಡಿಯಿರಿ, ಬೆರಳು ಬಿಡದೆ ಅದನ್ನೇ ಹಿಂದಕ್ಕೆ ಒಯ್ದು ಒಡಲಿನ ಹಿಂತುದಿಯಲ್ಲಿ ಎಲ್ಲಿಗೆ ಬರುತ್ತದೆ ನೋಡಿ. ಕೆಳಗೆ ಬಂದಷ್ಟೂ ಕಂಬ ಹಿಂದೆ ವಾಲಿದೆ. ಒಂದು ಗುರುತು ಹಾಕಿಟ್ಟುಕೊಂಡರೆ ಮುಂದಿನ ಸಲ ಎರಡು ನಿಮಿಷದ ಕೆಲಸ. ನೆನಪಿರಲಿ, ಇದನ್ನು ಜಿಬ್ ಹ್ಯಾಲ್ಯಾರ್ಡ್ ಬಿಗಿ ಮಾಡಿದ ಮೇಲೆ ಅಳೆಯಬೇಕು. ಫೋರ್‌ಸ್ಟೇ ಮೇಲೆ ನಿಂತಿರುವಾಗ ಕಂಬ ಇರುವ ಜಾಗ ಬೇರೆ, ಓಡುವಾಗ ಇರುವ ಜಾಗ ಬೇರೆ.

ರೇಸ್ ಮಾಡುವವರು ಕಂಬವನ್ನು ಸಿಕ್ಕಾಪಟ್ಟೆ ಹಿಂದಕ್ಕೆ ವಾಲಿಸುತ್ತಾರೆ. ಅದಕ್ಕೆ ಕಾರಣ ಇದೆ. ಈ ದೋಣಿಯ ಮೂತಿ ಸಪೂರ, ಗಾಳಿ ಜೋರಾಗಿ ಹಿಂದಿನಿಂದ ತಳ್ಳಿದರೆ ಮೂತಿ ನೀರಿಗೆ ಹೊಕ್ಕು ಇಡೀ ದೋಣಿ ಮುಂದಕ್ಕೆ ಲಾಗ ಹಾಕುತ್ತದೆ. ಕಂಬ ಹಿಂದೆ ವಾಲಿದ್ದರೆ ಮೂತಿ ಸ್ವಲ್ಪ ಮೇಲೆಯೇ ಇರುತ್ತದೆ. ಆದರೆ ಎರಡು ತೊಂದರೆ. ಒಂದು, ದೊಡ್ಡ ಪಟ ಎಳೆಯುವ ಹಗ್ಗದ ಮೇಲಿನ ಪುಲ್ಲಿ ಕೆಳಗಿನ ಪುಲ್ಲಿಗೆ ತಾಗಿಬಿಡುತ್ತದೆ, ಆಮೇಲೆ ಇನ್ನೂ ಎಳೆಯಲು ಜಾಗವೇ ಇರಲ್ಲ. ರೇಸಿನವರು ಗಿಡ್ಡ ಪುಲ್ಲಿ ಕೊಳ್ಳುವುದು ಅದಕ್ಕೇ. ಇನ್ನೊಂದು, ದೋಣಿ ತಾನಾಗೇ ಗಾಳಿಯ ಕಡೆ ತಿರುಗಲು ಹಟ ಹಿಡಿಯುತ್ತದೆ, ಚುಕ್ಕಾಣಿ ಹಿಡಿದ ಕೈ ಸೋತುಹೋಗುತ್ತದೆ. ಭಾನುವಾರ ಮಕ್ಕಳನ್ನು ಕೂರಿಸಿಕೊಂಡು ಸುತ್ತುವವರಿಗೆ ನಡುವಿನ ತೂತು ಸಾಕು. ಅಲ್ಲಿಂದ ಒಂದೊಂದೇ ತೂತು ಬದಲಿಸಿ ನೋಡಿ. ಬದಲಿಸುವಾಗ ಕಂಬ ಇಳಿಸಿಯೇ ಬದಲಿಸಿ, ಅಭ್ಯಾಸ ಇರುವವರು ಒಬ್ಬ ಟ್ರೆಪೀಜ್ ತಂತಿಗೆ ಜೋತುಬಿದ್ದು ಹಿಡಿದುಕೊಂಡು ಇನ್ನೊಬ್ಬ ಪಿನ್ ಕೀಳುತ್ತಾರೆ, ಹೊಸಬರಿಗೆ ಆ ಸರ್ಕಸ್ ಬೇಡ.

ಈಗ ಬಿಗಿ. ದೋಣಿಯ ಮೂತಿಯನ್ನು ಗಾಳಿಗೆ ಎದುರಾಗಿ ತಿರುಗಿಸಿ, ಜಿಬ್ ಏರಿಸಿ, ಹ್ಯಾಲ್ಯಾರ್ಡ್ ಜಗ್ಗಿ. ಹಳೆಯ ದೋಣಿಗಳಲ್ಲಿ ಇದಕ್ಕೆ ಇರುವ ಪುಲ್ಲಿ ಸಾಲದು, ತೋಳಿನ ಬಲವೆಲ್ಲ ಹಾಕಿದರೂ ಅಷ್ಟಕ್ಕಷ್ಟೇ. ಈಗ ಹಲವರು ಪುಲ್ಲಿ ಸೇರಿಸಿ ಆರು ಪಟ್ಟು ಬಲ ಬರುವ ಹಾಗೆ ಮಾಡಿಕೊಳ್ಳುತ್ತಾರೆ. ನಾನೂ ಮಾಡಿಸಿಕೊಂಡಿದ್ದೇನೆ, ಈ ದೋಣಿಗೆ ಹಾಕಿದ ದುಡ್ಡಿನಲ್ಲಿ ಅತ್ಯಂತ ಸಾರ್ಥಕ ಅನ್ನಿಸಿದ್ದು ಅದೇ. ಆದರೆ ಆರು ಪಟ್ಟು ಬಲ ಕೈಗೆ ಬಂದರೆ ನಿಲ್ಲಿಸುವುದು ಯಾವಾಗ ಅಂತ ತಿಳಿದಿರಬೇಕು. ನಾನು ಎಳೆಯುತ್ತಿರುವಾಗ ಪಕ್ಕದಲ್ಲಿ ನಿಂತ ಕುಂದಾಪುರದವನು, "ಸಾಕ್ ಮಾರಾಯ, ತಂತಿ ಹಾಡುಕ್ ಶುರು ಮಾಡ್ತ್" ಅನ್ನುತ್ತಾನೆ. ಹಾಡುವವರೆಗೆ ಎಳೆಯುವುದು ಜಾಸ್ತಿಯೇ ಆಯಿತು.

ನನ್ನ ಅಳತೆ ಸರಳ. ಹ್ಯಾಲ್ಯಾರ್ಡ್ ಕಟ್ಟಿದ ಮೇಲೆ ಕಂಬವನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸುತ್ತೇನೆ. ತಿರುಗಬೇಕು. ತಿರುಗದೆ ಕಚ್ಚಿಕೊಂಡು ನಿಂತರೆ ಬಿಗಿ ಹೆಚ್ಚಾಗಿದೆ, ಕಂಬ ಬುಡಕ್ಕೆ ಒತ್ತಿಕೊಂಡಿದೆ, ಚೌಕಟ್ಟಿನ ಮೇಲೂ ಒಡಲಿನ ಮೇಲೂ ಸುಮ್ಸುಮ್ನೆ ಭಾರ. ಆಮೇಲೆ ತಲೆಯೆತ್ತರದಲ್ಲಿ ಶ್ರೌಡ್ ಹಿಡಿದು ಒತ್ತುತ್ತೇನೆ, ಸ್ವಲ್ಪ ಮಣಿಯಬೇಕು, ಲಟಲಟ ಅಲ್ಲಾಡಬಾರದು. ಲಟಲಟ ಅಂದರೆ ಅಲೆ ಬಂದಾಗಲೆಲ್ಲ ಕಂಬ ಹಿಂದಕ್ಕೂ ಮುಂದಕ್ಕೂ ಕುಕ್ಕುತ್ತದೆ. ಒಂದೊಂದು ಕುಕ್ಕಿಗೂ ಪಿನ್ನು, ತೂತು, ಶ್ಯಾಕಲ್ ಎಲ್ಲ ಸವೆಯುತ್ತವೆ. ತೂತು ದುಂಡಗಿರುವುದು ಬಿಟ್ಟು ಮೊಟ್ಟೆಯಾಕಾರಕ್ಕೆ ಬಂದಿರುವ ಪಟ್ಟಿಗಳು ಸಡಿಲ ಕಂಬದ ದೋಣಿಗಳಲ್ಲೇ ಹೆಚ್ಚು.

ಇನ್ನು ಗಾಳಿಗೆ ತಕ್ಕಂತೆ. ಪರ್ತ್‌ನಲ್ಲಿ ಬೇಸಿಗೆಯ ಮಧ್ಯಾಹ್ನ ನೆಲ ಕಾದಾಗ ಸಮುದ್ರದಿಂದ ನೈಋತ್ಯದ ಗಾಳಿ ನುಗ್ಗಿ ಬರುತ್ತದೆ. ಊರಿನವರು ಅದನ್ನು ಫ್ರೀಮ್ಯಾಂಟಲ್ ಡಾಕ್ಟರ್ ಅನ್ನುತ್ತಾರೆ, ಸುಡುವ ಊರಿಗೆ ತಂಪು ತರುವ ವೈದ್ಯ. 1987ರ ಅಮೆರಿಕಾಸ್ ಕಪ್ ಹಾಯಿದೋಣಿ ರೇಸ್ ಇಲ್ಲಿನ ಫ್ರೀಮ್ಯಾಂಟಲ್ ಕಡಲಿನಲ್ಲಿ ನಡೆದಾಗ ಈ ಗಾಳಿ ಲೋಕಕ್ಕೆಲ್ಲ ಪರಿಚಯವಾಯಿತು. 15ರಿಂದ 20 ನಾಟ್, ಅಂದರೆ ಗಂಟೆಗೆ 28ರಿಂದ 37 ಕಿ.ಮೀ. ವೇಗ ಮಾಮೂಲು. ಸ್ವಾನ್ ನದಿಯ ಮೆಲ್ವಿಲ್ ವಾಟರ್ ಅನ್ನುವ ಅಗಲವಾದ ಭಾಗದಲ್ಲಿ ನಾವು ಓಡಿಸುವುದು, ಅಲ್ಲಿ ನೀರು ಉಪ್ಪೇ, ಹೆಸರಿಗೆ ಮಾತ್ರ ನದಿ. ಬೆಳಗ್ಗೆ ಎಲೆ ಅಲ್ಲಾಡದ ಹಾಗಿದ್ದದ್ದು ಮಧ್ಯಾಹ್ನಕ್ಕೆ ಬಿಳಿ ನೊರೆ. ಬೆಳಗ್ಗೆ ಮಾಡಿದ ಬಿಗಿ ಮಧ್ಯಾಹ್ನಕ್ಕೆ ಸಾಲಲ್ಲ. ಡಾಕ್ಟರ್ ಬರುವ ಹೊತ್ತಿಗೆ ಜಿಬ್ ಹ್ಯಾಲ್ಯಾರ್ಡ್ ಇನ್ನಷ್ಟು ಎಳೆಯಬೇಕು, ದೊಡ್ಡ ಪಟದ ಕೆಳಗಿನ ಮೂಲೆ ಜಗ್ಗುವ ಡೌನ್‌ಹಾಲ್ ಹಗ್ಗವನ್ನೂ. ಹೋಬಿಯಲ್ಲಿ ದೊಡ್ಡ ಪಟ ತುದಿಗೆ ಹೋದ ಮೇಲೆ ಅಲ್ಲೊಂದು ಕೊಕ್ಕೆಗೆ ಸಿಕ್ಕಿಕೊಳ್ಳುತ್ತದೆ, ಅದರಿಂದ ಡೌನ್‌ಹಾಲ್ ಎಷ್ಟು ಎಳೆದರೂ ಮೇಲೆ ಜಾರುವುದಿಲ್ಲ. ಎಳೆದಷ್ಟೂ ಪಟ ಚಪ್ಪಟೆಯಾಗುತ್ತದೆ, ಮೇಲಿನ ಭಾಗ ಗಾಳಿ ಬಿಟ್ಟುಕೊಡುತ್ತದೆ, ದೋಣಿ ಹಗುರವಾಗುತ್ತದೆ. ಬಹಳ ಜನ ಕೊಕ್ಕೆ ಸಿಕ್ಕಿದೆಯಾ ಅಂತ ನೋಡದೇ ಎಳೆಯುತ್ತಾರೆ, ಪಟವೇ ಕೆಳಗಿಳಿದು ಬರುತ್ತದೆ.

ಇನ್ನೊಂದು ಸಂಗತಿ, ಈ ದೋಣಿಗೆ ಹಿಂದಿನಿಂದ ಎಳೆಯುವ ತಂತಿ ಇಲ್ಲ. ಆ ಕೆಲಸವನ್ನು ದೊಡ್ಡ ಪಟದ ಹಗ್ಗವೇ ಮಾಡುತ್ತದೆ. ಅದನ್ನು ಬಿಗಿ ಎಳೆದಾಗ ಕಂಬದ ತಲೆ ಹಿಂದಕ್ಕೆ ಬಂದು ಜಿಬ್ಬಿನ ಅಂಚು ನೆಟ್ಟಗಾಗುತ್ತದೆ, ಬಿಟ್ಟಾಗ ವಾಲುತ್ತದೆ. ಹಾಗಾಗಿ ಜಿಬ್ ವಾಲುತ್ತಿದೆ ಅಂತ ಪಿನ್ ಬದಲಿಸುವ ಮೊದಲು ಹಗ್ಗ ಹಿಡಿದವನು ಏನು ಮಾಡುತ್ತಿದ್ದಾನೆ ನೋಡಿ.

ನಟ್ಟು ಬೋಲ್ಟಿನ ಮಾತಿಗೆ ಬಂದರೆ, ಬಿಗಿ ಮಾಡುವುದು ಅಂದರೆ ಕೈ ಹಾರುವಷ್ಟು ಬಿಗಿ ಮಾಡುವುದಲ್ಲ. ಇಲ್ಲಿ ಅರ್ಧದಷ್ಟು ಬೋಲ್ಟ್ ಫೈಬರ್‌ಗ್ಲಾಸ್ ಮೇಲೋ ತೆಳು ಅಲ್ಯೂಮಿನಿಯಂ ಮೇಲೋ ಕೂತಿವೆ, ಬಲ ಹಾಕಿದರೆ ಬೋಲ್ಟ್ ಗಟ್ಟಿಯಾಗಿರುತ್ತದೆ, ಕೆಳಗಿನದು ಬಿರುಕು ಬಿಡುತ್ತದೆ. ಒಳಗೆ ನೈಲಾನ್ ಬಳೆ ಇರುವ ನೈಲಾಕ್ ನಟ್ಟು ಬಳಸಿ, ಬಿಚ್ಚಿದಾಗ ಕೈಯಲ್ಲೇ ಸಲೀಸಾಗಿ ತಿರುಗುತ್ತಿದೆ ಅಂದರೆ ಅದರ ಆಯುಸ್ಸು ಮುಗಿದಿದೆ. ಸ್ಟೇನ್‌ಲೆಸ್ ನಟ್ಟನ್ನು ಸ್ಟೇನ್‌ಲೆಸ್ ಬೋಲ್ಟಿಗೆ ಹಾಕುವಾಗ ಪವರ್ ಡ್ರಿಲ್ ದೂರ ಇಡಿ. ವೇಗವಾಗಿ ತಿರುಗಿಸಿದರೆ ಬಿಸಿಯಾಗಿ ಎರಡೂ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ, ಆಮೇಲೆ ಗರಗಸವೇ ಗತಿ. ಬೋಲ್ಟಿನ ತಿರುಪಿಗೆ ಸ್ವಲ್ಪ ಲ್ಯಾನೊಲಿನ್ ಗ್ರೀಸ್ ಹಚ್ಚಿ, ಕೈ ಸ್ಪ್ಯಾನರ್‌ನಲ್ಲಿ ನಿಧಾನ ತಿರುಗಿಸಿ. ಲ್ಯಾನೊಲಿನ್ ಅಂದರೆ ಕುರಿ ಉಣ್ಣೆಯ ಜಿಡ್ಡು, ಆಸ್ಟ್ರೇಲಿಯಾದಲ್ಲಿ ಅದಕ್ಕೇನು ಬರ. ಸ್ಟೀಲ್ ಮತ್ತು ಅಲ್ಯೂಮಿನಿಯಂ ಸೇರುವ ಕಡೆಯಂತೂ ಇದು ಬೇಕೇ ಬೇಕು. ಉಪ್ಪುನೀರು ನಡುವೆ ಬಂದರೆ ಎರಡು ಲೋಹ ಸೇರಿ ಬ್ಯಾಟರಿಯಾಗುತ್ತದೆ, ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಕರಗುತ್ತದೆ. ಚೌಕಟ್ಟಿನ ಮೂಲೆಗಳ ರಿವೆಟ್ ಸುತ್ತ ಬೂದು ಅಥವಾ ಕಪ್ಪು ಪುಡಿ ಕಂಡರೆ ಅದು ಬೇರೆ ಕಥೆ, ರಿವೆಟ್ ಸಡಿಲವಾಗಿ ಒಳಗೇ ಉಜ್ಜುತ್ತಿದೆ ಅಂತ. ಒರೆಸಿ ಸುಮ್ಮನಾಗಬೇಡಿ.

ಟ್ರ್ಯಾಂಪೊಲೀನ್ ಕೂಡ ಈ ಬಿಗಿಯ ಲೆಕ್ಕದಲ್ಲೇ ಬರುತ್ತದೆ, ಯಾರೂ ಅದನ್ನು ಎಣಿಸುವುದಿಲ್ಲ ಅಷ್ಟೇ. ಕೆಳಗಿನ ಹಗ್ಗದ ಹೆಣಿಗೆಯನ್ನು ನವಾರದ ಮಂಚ ಬಿಗಿದ ಹಾಗೆ ಒಂದು ಕೊನೆಯಿಂದ ಸಾಲು ಸಾಲಾಗಿ ಎಳೆದುಕೊಂಡು ಬರಬೇಕು, ಮತ್ತೆ ಮೊದಲಿಂದ ಇನ್ನೊಂದು ಸುತ್ತು. ಅದು ಜೋಲು ಬಿದ್ದಿದ್ದರೆ ಚೌಕಟ್ಟೂ ತಿರುಚುತ್ತದೆ, ಅಲೆಯಲ್ಲಿ ಒಂದು ಒಡಲು ಒಂದು ಕಡೆ, ಇನ್ನೊಂದು ಇನ್ನೊಂದು ಕಡೆ. ಚೌಕಟ್ಟು ತಿರುಚಿದರೆ ಮೇಲೆ ನೀವು ಎಷ್ಟೇ ನಾಜೂಕಾಗಿ ಅಳೆದ ತಂತಿಯ ಬಿಗಿಯೂ ಕ್ಷಣಕ್ಕೊಂದು ಥರ.

ಹೋಬಿ 18, ನ್ಯಾಕ್ರಾ, 2008ರವರೆಗೆ ಒಲಿಂಪಿಕ್ಸ್‌ನಲ್ಲಿದ್ದ ಟೊರ್ನಾಡೊ ಥರದ ದೋಣಿ ಇರುವವರಿಗೆ ಒಂದು ಮಾತು. ಅವುಗಳ ಕಂಬಕ್ಕೇ ಅಂಟಿಕೊಂಡಂತೆ ಎರಡು ಪಕ್ಕದಲ್ಲಿ ಡೈಮಂಡ್ ತಂತಿ ಇರುತ್ತದೆ, ಕಂಬ ಎಷ್ಟು ಬಾಗಬೇಕು ಅಂತ ನಿರ್ಧರಿಸಲು. ಅಲ್ಲಿ ಟರ್ನ್‌ಬಕಲ್ ಇದೆ, ತಿರುಗಿಸಿದರೆ ಬಿಗಿಯಾಗುತ್ತದೆ, ಅಳೆಯಲು ಲೂಸ್ ಗೇಜ್ ಅನ್ನುವ ಪುಟ್ಟ ಸಾಧನ ಸಿಗುತ್ತದೆ. ಎರಡೂ ಪಕ್ಕ ಒಂದೇ ಅಳತೆ ಬರಬೇಕು, ಕಂಬ ಮಲಗಿಸಿರುವಾಗಲೇ ಮಾಡಬೇಕು, ಮುಗಿದ ಮೇಲೆ ಲಾಕ್ ನಟ್ಟು ಅಥವಾ ಸ್ಪ್ಲಿಟ್ ಪಿನ್ ಹಾಕಬೇಕು. ಹೋಬಿ 16ಕ್ಕೆ ಈ ತಲೆನೋವಿಲ್ಲ.

ನೀರಿಗಿಳಿದ ಮೇಲೆ ಮೊದಲ ಹತ್ತು ನಿಮಿಷ ದಡದ ಹತ್ತಿರವೇ ಓಡಿಸಿ, ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ. ಸಡಿಲ ಬದಿಯ ಶ್ರೌಡ್ ಎರಡೂ ಕಡೆ ಒಂದೇ ಥರ ಜೋತುಬೀಳುತ್ತದೆಯಾ ನೋಡಿ. ಒಂದು ಕಡೆ ಜಾಸ್ತಿ ಅಂದರೆ ಕಂಬ ನಡುವಿಲ್ಲ. ಕಂಬ ತಿರುವಿನಲ್ಲಿ ತಾನಾಗೇ ತಿರುಗುತ್ತದೆಯಾ, ಅಥವಾ ಕ್ರೂ ಒದ್ದು ತಿರುಗಿಸಬೇಕಾ. ಗಾಳಿ ಕಡಿಮೆ ಇದ್ದರೆ ಒದೆಯುವುದು ಮಾಮೂಲು, ಗಾಳಿ ಇದ್ದೂ ತಿರುಗದಿದ್ದರೆ ಬಿಗಿ ಇಳಿಸಿ. ಹೊಸ ತಂತಿ ಹಾಕಿದ್ದರೆ ಮೊದಲ ಒಂದೆರಡು ಸಲ ಅದು ಒಂಚೂರು ಹಿಗ್ಗಿ ಕೂರುತ್ತದೆ, ಮತ್ತೆ ಅಳೆಯಬೇಕಾಗುತ್ತದೆ. ದೋಣಿ ಮಗುಚಿ ಕಂಬದ ತುದಿ ಕೆಸರಿಗೆ ಕಚ್ಚಿದ್ದರೆ, ಮೆಲ್ವಿಲ್ ವಾಟರ್‌ನ ಆಳ ಇಲ್ಲದ ಕಡೆಗಳಲ್ಲಿ ಇದು ಆಗುತ್ತಿರುತ್ತದೆ, ಆವತ್ತು ಸಂಜೆಯೇ ಕಂಬ ಇಳಿಸಿ ಮೇಲಿನ ಆ ಶ್ಯಾಕಲ್ ನೋಡಿ.

ವಾಪಸ್ ಬಂದ ಮೇಲೆ ಜಿಬ್ ಹ್ಯಾಲ್ಯಾರ್ಡ್ ಬಿಚ್ಚಿ, ಕಂಬ ಫೋರ್‌ಸ್ಟೇ ಮೇಲೆ ವಿಶ್ರಾಂತಿ ತೆಗೆದುಕೊಳ್ಳಲಿ. ಆ ಬಿಗಿಯಲ್ಲೇ ವಾರಗಟ್ಟಲೆ ಬಿಟ್ಟರೆ ಒಡಲಿಗೂ ಚೌಕಟ್ಟಿಗೂ ಒಳ್ಳೆಯದಲ್ಲ. ಸಿಹಿನೀರಿನಲ್ಲಿ ತೊಳೆಯಿರಿ, ತಂತಿಯ ತುದಿಗಳಿಗೆ ಪೈಪ್ ಹಿಡಿದು ಚೆನ್ನಾಗಿ ಬಿಡಿ. ಕೆ.ಆರ್.ಎಸ್. ಹಿನ್ನೀರಿನಲ್ಲೋ ಹಲಸೂರು ಕೆರೆಯಲ್ಲೋ ಹಾಯಿದೋಣಿ ಓಡಿಸುವ ನಮ್ಮವರಿಗೆ ಈ ಉಪ್ಪಿನ ಕಾಟ ಇಲ್ಲ, ಅವರ ತಂತಿ ನಮ್ಮದಕ್ಕಿಂತ ಎಷ್ಟೋ ವರ್ಷ ಜಾಸ್ತಿ ಬಾಳುತ್ತದೆ.

ನನ್ನ ಡಬ್ಬಿಯಲ್ಲಿ ಯಾವಾಗಲೂ ಇರುವುದು: ಬೇರೆ ಬೇರೆ ಅಳತೆಯ ಪಿನ್ನು, ಒಂದು ಹಿಡಿ ರಿಂಗ್, ಎರಡು ಶ್ಯಾಕಲ್, ತೆಳು ಸ್ಟೇನ್‌ಲೆಸ್ ತಂತಿ, ಇಕ್ಕಳ, ಟೇಪ್, ಲ್ಯಾನೊಲಿನ್. ರಿಂಗ್ ಮರಳಿಗೆ ಬಿದ್ದರೆ ಸಿಗಲ್ಲ, ಹುಡುಕಲು ಹೋಗಬೇಡಿ, ಹೊಸದು ಹಾಕಿ. ಇಷ್ಟೆಲ್ಲ ಮಾಡಿದ ಮೇಲೂ ಚುಕ್ಕಾಣಿ ಕೈಯನ್ನು ಎಳೆಯುತ್ತಲೇ ಇದ್ದರೆ ತಪ್ಪು ತಂತಿಯದ್ದಲ್ಲ, ಚುಕ್ಕಾಣಿಯ ಹಲಗೆ ಪೂರ್ತಿ ಕೆಳಗಿಳಿದು ಮುಂದಕ್ಕೆ ಮಡಚಿ ಕೂತಿಲ್ಲ ಅಂತ. ಹೋಬಿ 16ರಲ್ಲಿ ಹೆಚ್ಚಿನ ದೂರು ಅಲ್ಲಿಂದಲೇ ಬರುವುದು. ಗೆಳೆಯರೇ, ಮೊದಲು ಅದನ್ನು ನೋಡಿ ಆಮೇಲೆ ಪಿನ್ ಮುಟ್ಟಿ. ಶನಿವಾರ ನಾವಿಬ್ಬರೂ ನದಿ ಹತ್ತಿರ ಇರುತ್ತೇವೆ, ನಿಮ್ಮ ದೋಣಿಯ ಕಂಬ ಮಲಗಿಸಿಯೇ ಇಟ್ಟಿರಿ.